ಸಿ ಟೈಮರ್ ಕೋಡ್‌ನಲ್ಲಿ ಸಮಯದ ಲೆಕ್ಕ ತಪ್ಪಿದರೆ ಎಲ್ಲಿ ಹುಡುಕಬೇಕು, ಹೇಗೆ ಸರಿಪಡಿಸಬೇಕು

ಸಿ ಭಾಷೆಯಲ್ಲಿ ಟೈಮರ್ ಬರೆಯುವ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಅಳೆದ ಅವಧಿ ಒಮ್ಮೊಮ್ಮೆ ಋಣಸಂಖ್ಯೆಯಾಗಿ ಕಾಣುತ್ತದೆ ಎಂದು ಒಬ್ಬರು, ಅರ್ಧ ಗಂಟೆ ಚೆನ್ನಾಗಿ ನಡೆದ ಪ್ರೋಗ್ರಾಂ ಆಮೇಲೆ ಹುಚ್ಚುಹುಚ್ಚಾಗಿ ವರ್ತಿಸುತ್ತದೆ ಎಂದು ಇನ್ನೊಬ್ಬರು, ಸಾಧನವು ಒಂದೂವರೆ ತಿಂಗಳು ದುಡಿದು ಒಂದು ದಿನ ಏಕಾಏಕಿ ನಿಂತುಬಿಡುತ್ತದೆ ಎಂದು ಮತ್ತೊಬ್ಬರು ಕೇಳುತ್ತಾರೆ. ಇವೆಲ್ಲ ಬೇರೆ ಬೇರೆ ದೋಷಗಳಂತೆ ತೋರಿದರೂ ಹುಡುಕುವ ದಾರಿ ಒಂದೇ ಆಗಿರುವುದರಿಂದ, ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ನಿಮ್ಮ ಬಳಿ ಲಿನಕ್ಸ್ ಇರುವ ಒಂದು ಕಂಪ್ಯೂಟರ್, ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್, ಸಿ ಭಾಷೆಯ ಪ್ರಾಥಮಿಕ ಪರಿಚಯ ಇದ್ದರೆ ಸಾಕು. ಮೈಕ್ರೋಕಂಟ್ರೋಲರ್‌ಗೆ ಕೋಡ್ ಬರೆಯುವವರು ಆರನೆಯ ಹಂತವನ್ನು ವಿಶೇಷವಾಗಿ ಗಮನಿಸಬೇಕು. ಫಂಕ್ಷನ್‌ಗಳ ಹೆಸರುಗಳನ್ನು ಉಚ್ಚರಿಸುವಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅಡಿಗೆರೆ ಇರುವಲ್ಲಿ ಅಡಿಗೆರೆಯನ್ನೂ ಉಳಿಸಿದ್ದೇನೆ.

1. ದೋಷ ಎಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಬರೆದುಕೊಳ್ಳಿ

ಕೋಡ್ ತೆರೆಯುವ ಮೊದಲು ಮಾಡಬೇಕಾದ ಕೆಲಸವಿದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಕೆಲಸವೂ ಇದೇ. ಪ್ರೋಗ್ರಾಂ ಆರಂಭವಾದ ಎಷ್ಟು ಹೊತ್ತಿನ ನಂತರ ಲೆಕ್ಕ ಕೆಡುತ್ತದೆ ಎಂಬ ಒಂದೇ ಸಂಖ್ಯೆ ಅನೇಕ ಸಲ ಅಪರಾಧಿಯ ಹೆಸರನ್ನೇ ಹೇಳಿಬಿಡುತ್ತದೆ. ಕಾರಣ ಸರಳ: 32 ಬಿಟ್‌ಗಳ ಸೈನ್ಡ್ ಪೂರ್ಣಾಂಕ, ಅಂದರೆ ಧನ ಮತ್ತು ಋಣ ಎರಡನ್ನೂ ಹಿಡಿಯುವ ಪೂರ್ಣಾಂಕ, 2,14,74,83,647ರವರೆಗೆ ಮಾತ್ರ ಎಣಿಸಬಲ್ಲದು, ಋಣ ಬೆಲೆಗಳಿಲ್ಲದ ಅನ್‌ಸೈನ್ಡ್ ಪೂರ್ಣಾಂಕ ಅದರ ಸುಮಾರು ಎರಡರಷ್ಟು ಎಣಿಸುತ್ತದೆ. ಎಣಿಕೆಯ ಏಕಮಾನ ಯಾವುದು ಎಂಬುದರ ಮೇಲೆ ಈ ಮಿತಿ ಬೇರೆ ಬೇರೆ ಗಳಿಗೆಯಲ್ಲಿ ಬರುತ್ತದೆ.

ಎರಡು ಸೆಕೆಂಡ್ ದಾಟುತ್ತಿದ್ದಂತೆ ಕೆಟ್ಟರೆ ಯಾರೋ ನ್ಯಾನೋಸೆಕೆಂಡ್‌ಗಳನ್ನು 32 ಬಿಟ್‌ಗಳ ಸೈನ್ಡ್ ಪೂರ್ಣಾಂಕದಲ್ಲಿ ಇಟ್ಟಿದ್ದಾರೆ. 65 ಸೆಕೆಂಡ್‌ಗೆ ಕೆಟ್ಟರೆ ಮಿಲಿಸೆಕೆಂಡ್‌ಗಳು 16 ಬಿಟ್‌ಗಳ ಅನ್‌ಸೈನ್ಡ್ ಪೂರ್ಣಾಂಕದಲ್ಲಿವೆ. 35 ನಿಮಿಷ 47 ಸೆಕೆಂಡ್ ಎಂದರೆ ಸೈನ್ಡ್ 32 ಬಿಟ್‌ಗಳಲ್ಲಿ ಮೈಕ್ರೋಸೆಕೆಂಡ್. 71 ನಿಮಿಷ 35 ಸೆಕೆಂಡ್ ಎಂದರೆ ಅದೇ ಮೈಕ್ರೋಸೆಕೆಂಡ್ ಅನ್‌ಸೈನ್ಡ್‌ನಲ್ಲಿ. 24 ದಿನ 20 ಗಂಟೆ 31 ನಿಮಿಷಕ್ಕೆ ಕೆಟ್ಟರೆ ಸೈನ್ಡ್ ಮಿಲಿಸೆಕೆಂಡ್, 49 ದಿನ 17 ಗಂಟೆಗೆ ಕೆಟ್ಟರೆ ಅನ್‌ಸೈನ್ಡ್ ಮಿಲಿಸೆಕೆಂಡ್. ವಿಂಡೋಸ್ 95 ಸತತವಾಗಿ 49.7 ದಿನ ನಡೆದರೆ ಸ್ತಬ್ಧವಾಗುತ್ತಿದ್ದುದು ಈ ಕೊನೆಯ ಕಾರಣದಿಂದಲೇ. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಣ ಘಟಕಗಳು 248 ದಿನ ಸತತವಾಗಿ ವಿದ್ಯುತ್ತಿನಲ್ಲಿದ್ದರೆ ಕೈಕೊಡಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ಎಚ್ಚರಿಸಿದ್ದರು. ಸೆಕೆಂಡಿನ ನೂರನೆಯ ಒಂದು ಭಾಗವನ್ನು ಸೈನ್ಡ್ 32 ಬಿಟ್‌ಗಳಲ್ಲಿ ಎಣಿಸಿದರೆ ಸರಿಯಾಗಿ ಅಷ್ಟೇ ದಿನಕ್ಕೆ ಎಣಿಕೆ ತುಂಬುತ್ತದೆ.

ಇದಾವುದಕ್ಕೂ ಹೊಂದದೆ, ಯಾವುದೋ ಹೊತ್ತಿನಲ್ಲಿ ಅಪರೂಪಕ್ಕೊಮ್ಮೆ ಮಾತ್ರ ತಪ್ಪು ಬರುತ್ತಿದ್ದರೆ ಎರಡನೆಯ ಅಥವಾ ಮೂರನೆಯ ಹಂತದಲ್ಲಿ ಉತ್ತರ ಸಿಗುವ ಸಂಭವ ಹೆಚ್ಚು. ಪ್ರತಿ ದಿನ ಒಂದೇ ಪ್ರಮಾಣದಲ್ಲಿ ಹಿಂದೆ ಬೀಳುತ್ತಿದ್ದರೆ ಐದನೆಯ ಅಥವಾ ಆರನೆಯ ಹಂತಕ್ಕೆ ಹೋಗಿ.

2. ಸರಿಯಾದ ಗಡಿಯಾರವನ್ನು ಓದುತ್ತಿದ್ದೀರಾ ಎಂದು ನೋಡಿ

"ಈಗ ಎಷ್ಟು ಗಂಟೆ?" ಎಂಬುದು ಒಂದು ಪ್ರಶ್ನೆ; "ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು?" ಎಂಬುದು ಬೇರೆಯೇ ಪ್ರಶ್ನೆ. ಮಾತಿನಲ್ಲಿ ಇವೆರಡನ್ನೂ ನಾವು ಗೊಂದಲ ಮಾಡಿಕೊಳ್ಳುವುದಿಲ್ಲ, ಆದರೆ ಕೋಡ್‌ನಲ್ಲಿ ಸುಲಭವಾಗಿ ಮಾಡಿಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಟೈಮರ್ ದೋಷಗಳ ದೊಡ್ಡ ಪಾಲು ಈ ಗೊಂದಲದಿಂದಲೇ ಹುಟ್ಟುತ್ತದೆ.

ಟೈಮ್, ಗೆಟ್‌ಟೈಮ್‌ಆಫ್‌ಡೇ, ಕ್ಲಾಕ್_ರಿಯಲ್‌ಟೈಮ್ ಇವು ಮೊದಲ ಪ್ರಶ್ನೆಗೆ ಉತ್ತರಿಸುತ್ತವೆ. ಈ ಗಡಿಯಾರವನ್ನು ಬಳಕೆದಾರ ತಿದ್ದಬಹುದು. ಎನ್‌ಟಿಪಿ, ಅಂದರೆ ಜಾಲದ ಮೂಲಕ ಗಡಿಯಾರವನ್ನು ಸರಿಹೊಂದಿಸುವ ವ್ಯವಸ್ಥೆ, ಹಿಂದಕ್ಕೋ ಮುಂದಕ್ಕೋ ಜಿಗಿಸಬಹುದು. ಲೀಪ್ ಸೆಕೆಂಡ್, ಅಂದರೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಕೂಡಿಸುವ ಒಂದು ಹೆಚ್ಚುವರಿ ಸೆಕೆಂಡ್, ಸೇರಿಸಿದಾಗ ಲಿನಕ್ಸ್‌ನಲ್ಲಿ ಒಂದೇ ಸೆಕೆಂಡ್ ಎರಡು ಬಾರಿ ಎಣಿಕೆಯಾಗುತ್ತದೆ. ಕೊನೆಯದಾಗಿ ಅದನ್ನು ಸೇರಿಸಿದ್ದು 2016ರ ಡಿಸೆಂಬರ್ 31ರಂದು, ನಮ್ಮಲ್ಲಿ ಆಗ 2017ರ ಜನವರಿ 1ರ ಬೆಳಗಿನ ಐದೂವರೆ. ಇಂಥ ಜಿಗಿತದ ಆಚೆಗೊಮ್ಮೆ ಈಚೆಗೊಮ್ಮೆ ಗಡಿಯಾರವನ್ನು ಓದಿ ಕಳೆದರೆ ಅವಧಿ ಋಣಸಂಖ್ಯೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಅವಧಿ ಅಳೆಯುವುದಕ್ಕೆ ಕ್ಲಾಕ್_ಗೆಟ್‌ಟೈಮ್ ಫಂಕ್ಷನ್ನಿಗೆ ಕ್ಲಾಕ್_ಮೊನೊಟಾನಿಕ್ ಎಂಬ ಗಡಿಯಾರವನ್ನು ಕೊಡಿ. ಅದು ಎಂದೂ ಹಿಂದಕ್ಕೆ ಹೋಗುವುದಿಲ್ಲ. ಆದರೆ ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಮಲಗಿದ, ಅಂದರೆ ಸಸ್ಪೆಂಡ್ ಆದ, ಹೊತ್ತನ್ನು ಅದು ಎಣಿಸುವುದಿಲ್ಲ. ಆ ಹೊತ್ತೂ ಲೆಕ್ಕಕ್ಕೆ ಬರಬೇಕಾದರೆ ಕ್ಲಾಕ್_ಬೂಟ್‌ಟೈಮ್ ಬಳಸಿ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಕ್ಲಾಕ್ ಎಂಬ ಹಳೆಯ ಫಂಕ್ಷನ್ ಅಳೆಯುವುದು ಪ್ರೊಸೆಸರ್ ನಿಮ್ಮ ಪ್ರೋಗ್ರಾಂಗಾಗಿ ದುಡಿದ ಹೊತ್ತನ್ನು ಮಾತ್ರ, ಆದ್ದರಿಂದ ಪ್ರೋಗ್ರಾಂ ಹತ್ತು ಸೆಕೆಂಡ್ ಸುಮ್ಮನೆ ಕಾದಿದ್ದರೂ ಅದು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೊನೊಟಾನಿಕ್ ಗಡಿಯಾರದ ಬೆಲೆಯನ್ನು ಫೈಲ್‌ನಲ್ಲಿ ಉಳಿಸಿ, ಯಂತ್ರವನ್ನು ಮರುಪ್ರಾರಂಭಿಸಿದ ಮೇಲೆ ಹೋಲಿಸಬೇಡಿ, ಏಕೆಂದರೆ ಅದರ ಆರಂಭಬಿಂದು ಪ್ರತಿ ಬೂಟ್‌ಗೂ ಬದಲಾಗುತ್ತದೆ. ಮೂರನೆಯದು ಬಹಳ ಜನರನ್ನು ಬೀಳಿಸಿದ ಹಳ್ಳ: ಥ್ರೆಡ್‌ಗಳು, ಅಂದರೆ ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ನಡೆಯುವ ಕೆಲಸದ ಎಳೆಗಳು, ಪರಸ್ಪರ ಕಾಯಲು ಬಳಸುವ ಪಿಥ್ರೆಡ್_ಕಾಂಡ್_ಟೈಮ್ಡ್‌ವೇಟ್ ತಾನಾಗಿ ನೋಡುವುದು ರಿಯಲ್‌ಟೈಮ್ ಗಡಿಯಾರವನ್ನು. ನೀವು ಮೊನೊಟಾನಿಕ್ ಗಡಿಯಾರದಿಂದ ಗಡುವನ್ನು ಲೆಕ್ಕ ಹಾಕಿ ಅದಕ್ಕೆ ಕೊಟ್ಟರೆ, ಆ ಗಡುವು 1970ರ ಆರಂಭದ ದಿನಗಳದ್ದೆಂದು ಭಾವಿಸಿ ಅದು ಒಂದು ಕ್ಷಣವೂ ಕಾಯದೆ ಹಿಂತಿರುಗುತ್ತದೆ. ಪಿಥ್ರೆಡ್_ಕಾಂಡ್‌ಆಟ್ರ್_ಸೆಟ್‌ಕ್ಲಾಕ್ ಮೂಲಕ ಗಡಿಯಾರವನ್ನು ಮೊದಲೇ ಬದಲಿಸಿಕೊಳ್ಳಬೇಕು.

3. ಕಳೆಯುವಾಗ ಕಡ, ಕೂಡುವಾಗ ದಶಕ

ಟೈಮ್‌ಸ್ಪೆಕ್ ಎಂಬ ರಚನೆಯಲ್ಲಿ ಎರಡು ಭಾಗಗಳಿವೆ: ಟಿವಿ_ಸೆಕ್ ಸೆಕೆಂಡ್‌ಗಳನ್ನೂ ಟಿವಿ_ಎನ್‌ಸೆಕ್ ಉಳಿದ ನ್ಯಾನೋಸೆಕೆಂಡ್‌ಗಳನ್ನೂ ಹಿಡಿದಿರುತ್ತವೆ. ಎರಡನೆಯ ಭಾಗ ಸದಾ 0ಯಿಂದ 99,99,99,999ರ ಒಳಗಿರಬೇಕು ಎಂಬುದು ನಿಯಮ. ಆರಂಭ 3 ಸೆಕೆಂಡ್ 90 ಕೋಟಿ ನ್ಯಾನೋಸೆಕೆಂಡ್, ಅಂತ್ಯ 5 ಸೆಕೆಂಡ್ 20 ಕೋಟಿ ನ್ಯಾನೋಸೆಕೆಂಡ್ ಎಂದಿಟ್ಟುಕೊಳ್ಳಿ. ಭಾಗ ಭಾಗವಾಗಿ ಕಳೆದರೆ 2 ಸೆಕೆಂಡ್ ಮತ್ತು ಋಣ 70 ಕೋಟಿ ನ್ಯಾನೋಸೆಕೆಂಡ್ ಬರುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮೇಲಿನ ಅಂಕಿ ಚಿಕ್ಕದಿದ್ದಾಗ ಪಕ್ಕದ ಮನೆಯಿಂದ ಕಡ ತಂದಂತೆಯೇ ಇಲ್ಲಿಯೂ ಸೆಕೆಂಡಿನ ಮನೆಯಿಂದ ಒಂದನ್ನು ಕಡ ತಂದು ನೂರು ಕೋಟಿ ಸೇರಿಸಬೇಕು. ಆಗ ಸರಿಯಾದ ಉತ್ತರವಾದ 1 ಸೆಕೆಂಡ್ 30 ಕೋಟಿ ನ್ಯಾನೋಸೆಕೆಂಡ್ ಸಿಗುತ್ತದೆ.

ನ್ಯಾನೋಸೆಕೆಂಡ್ ಭಾಗವನ್ನಷ್ಟೇ ಕಳೆದು ಸೆಕೆಂಡ್ ಭಾಗವನ್ನು ಮರೆತ ಕೋಡ್ ಪರೀಕ್ಷೆಯಲ್ಲಿ ಬಹುತೇಕ ಸಲ ಸರಿಯಾಗಿಯೇ ಕಾಣುತ್ತದೆ. ಅಳೆಯುವ ಕೆಲಸ ಐದು ಮಿಲಿಸೆಕೆಂಡ್‌ನದ್ದಾದರೆ ಅದು ಸೆಕೆಂಡಿನ ಗಡಿಯನ್ನು ದಾಟುವುದು ಇನ್ನೂರರಲ್ಲಿ ಒಂದು ಸಲ ಮಾತ್ರ. ಅಪರೂಪಕ್ಕೆ ಬರುವ ಋಣಸಂಖ್ಯೆಯ ಹಿಂದೆ ಇದೇ ಅಡಗಿರುತ್ತದೆ.

ಕೂಡುವಾಗ ಆಗುವ ತಪ್ಪು ಇನ್ನೂ ಕೆಟ್ಟದ್ದು. ಈಗಿನ ಸಮಯಕ್ಕೆ 500 ಮಿಲಿಸೆಕೆಂಡ್ ಸೇರಿಸಿ ಗಡುವು ಮಾಡುವಾಗ ಟಿವಿ_ಎನ್‌ಸೆಕ್ ನೂರು ಕೋಟಿಯನ್ನು ಮುಟ್ಟಿದರೆ ಅಥವಾ ಮೀರಿದರೆ, ನೂರು ಕೋಟಿಯನ್ನು ಕಳೆದು ಸೆಕೆಂಡಿಗೆ ಒಂದು ದಶಕ ದಾಟಿಸಬೇಕು. ದಾಟಿಸದಿದ್ದರೆ ಕ್ಲಾಕ್_ನ್ಯಾನೋಸ್ಲೀಪ್ ಮೊದಲಾದವು ನಿದ್ರಿಸದೆ ಇಇನ್ವಾಲ್ ಎಂಬ ದೋಷಸಂಖ್ಯೆಯೊಂದಿಗೆ ಕೂಡಲೇ ಮರಳುತ್ತವೆ. ಮರಳಿದ ಬೆಲೆಯನ್ನು ನೀವು ನೋಡದಿದ್ದರೆ ಲೂಪ್ ಬಿಡುವಿಲ್ಲದೆ ಸುತ್ತುತ್ತದೆ. ಅರ್ಧ ಸೆಕೆಂಡ್ ತಣ್ಣಗಿದ್ದು ಉಳಿದರ್ಧ ಸೆಕೆಂಡ್ ಪ್ರೊಸೆಸರ್ ಪೂರ್ತಿ ಬಿಸಿಯಾಗುವ ಪ್ರೋಗ್ರಾಂ ಕಂಡರೆ ನೇರವಾಗಿ ಈ ಸಾಲನ್ನು ಹುಡುಕಿ.

ನನ್ನ ಸಲಹೆ ಏನೆಂದರೆ, ಟೈಮ್‌ಸ್ಪೆಕ್ ಅನ್ನು ಲೆಕ್ಕಕ್ಕೆ ಬಳಸಲೇಬೇಡಿ. ಗಡಿಯಾರ ಓದಿದ ಕೂಡಲೇ ಎಲ್ಲವನ್ನೂ ನ್ಯಾನೋಸೆಕೆಂಡ್‌ಗೆ ಬದಲಿಸಿ ಇಂಟ್64_ಟಿ ಬಗೆಯ ಒಂದೇ ಸಂಖ್ಯೆಯಾಗಿ ಇಟ್ಟುಕೊಳ್ಳಿ, ಕೂಡುವುದು ಕಳೆಯುವುದು ಅದರಲ್ಲೇ ನಡೆಯಲಿ, ವ್ಯವಸ್ಥೆಗೆ ಹಿಂತಿರುಗಿಸುವಾಗ ಮಾತ್ರ ಮತ್ತೆ ಎರಡು ಭಾಗ ಮಾಡಿ. 64 ಬಿಟ್‌ಗಳಲ್ಲಿ ನ್ಯಾನೋಸೆಕೆಂಡ್ ಎಣಿಸಿದರೆ 292 ವರ್ಷ ಸಾಕಾಗುತ್ತದೆ.

ಲೆಕ್ಕ ಸರಿಯಿದ್ದು ಮುದ್ರಣ ತಪ್ಪುವ ಸಂದರ್ಭವೂ ಉಂಟು. 5 ಸೆಕೆಂಡ್ 42 ಮಿಲಿಸೆಕೆಂಡ್ ಎಂಬುದನ್ನು ಎರಡು ಪೂರ್ಣಾಂಕಗಳಾಗಿ ನಡುವೆ ಚುಕ್ಕಿ ಇಟ್ಟು ಪ್ರಿಂಟ್‌ಎಫ್ ಮಾಡಿದರೆ 5.42 ಎಂದು ಕಾಣುತ್ತದೆ, ಆದರೆ ಇರಬೇಕಾದ್ದು 5.042. ಮಿಲಿಸೆಕೆಂಡ್‌ಗೆ ಮೂರು, ಮೈಕ್ರೋಸೆಕೆಂಡ್‌ಗೆ ಆರು, ನ್ಯಾನೋಸೆಕೆಂಡ್‌ಗೆ ಒಂಬತ್ತು ಸ್ಥಾನಗಳನ್ನು ಸೊನ್ನೆಯಿಂದ ತುಂಬುವಂತೆ ಫಾರ್ಮ್ಯಾಟ್ ಕೊಡಬೇಕು.

4. ಏಕಮಾನ, ಅಗಲ ಮತ್ತು ಗುಣಾಕಾರದ ಕ್ರಮ

ಹಿಂದಿನ ಸಲಹೆಯನ್ನು ಪಾಲಿಸಿದವರೂ ಎಡವುವ ಜಾಗವಿದು. ಬಲಗಡೆಯ ಗುಣಾಕಾರ ಯಾವ ಅಗಲದಲ್ಲಿ ನಡೆಯುತ್ತದೆ ಎಂಬುದನ್ನು ಎಡಗಡೆಯ ವೇರಿಯಬಲ್ ನಿರ್ಧರಿಸುವುದಿಲ್ಲ. ಸೆಕೆಂಡ್ ಎಂಬುದು ಸಾಮಾನ್ಯ ಇಂಟ್ ಆಗಿದ್ದು, ಅದನ್ನು ನೂರು ಕೋಟಿಯಿಂದ ಗುಣಿಸಿ ಫಲವನ್ನು ಇಂಟ್64_ಟಿಗೆ ಹಾಕಿದರೆ, ಗುಣಾಕಾರ 32 ಬಿಟ್‌ಗಳಲ್ಲೇ ನಡೆದು, ಸೆಕೆಂಡ್ 3 ಆದ ಕೂಡಲೇ ತುಂಬಿ ಚೆಲ್ಲುತ್ತದೆ. ಚೆಲ್ಲಿದ ಮೇಲೆ ದೊಡ್ಡ ಪಾತ್ರೆ ಹಿಡಿದು ಪ್ರಯೋಜನವಿಲ್ಲ. ಸೈನ್ಡ್ ಪೂರ್ಣಾಂಕ ಹೀಗೆ ಓವರ್‌ಫ್ಲೋ ಆದರೆ ಏನಾಗಬೇಕೆಂದು ಸಿ ಭಾಷೆಯ ನಿಯಮಾವಳಿ ಹೇಳುವುದೇ ಇಲ್ಲ, ಆದ್ದರಿಂದ ಕಂಪೈಲರ್‌ನ ಆಪ್ಟಿಮೈಸೇಷನ್ ಹೆಚ್ಚಿಸಿದಾಗ ತಪ್ಪಿನ ಸ್ವರೂಪವೇ ಬದಲಾಗಬಹುದು. ಗುಣಿಸುವ ಮೊದಲೇ ಸೆಕೆಂಡನ್ನು ಇಂಟ್64_ಟಿಗೆ ಕ್ಯಾಸ್ಟ್ ಮಾಡಿ, ಅಂದರೆ ಬಗೆಯನ್ನು ಬದಲಿಸಿ. ಲಾಂಗ್ ಎಂಬ ಬಗೆಯನ್ನು ನಂಬಬೇಡಿ. 64 ಬಿಟ್‌ಗಳ ಲಿನಕ್ಸ್‌ನಲ್ಲಿ ಅದು 64 ಬಿಟ್ ಅಗಲ, 64 ಬಿಟ್‌ಗಳ ವಿಂಡೋಸ್‌ನಲ್ಲಿ 32 ಮಾತ್ರ.

ಭಾಗಾಕಾರದಲ್ಲಿ ತಪ್ಪು ಸದ್ದಿಲ್ಲದೆ ಬರುತ್ತದೆ. ಮೊದಲು ಭಾಗಿಸಿ ಆಮೇಲೆ ಗುಣಿಸಿದರೆ ಉಳಿಕೆ ಕಳೆದುಹೋಗುತ್ತದೆ. ಫೈಲ್ ಅಥವಾ ಜಾಲದಿಂದ ಮಾಹಿತಿ ಬರುವುದನ್ನು ಕಾಯುವ ಪೋಲ್ ಫಂಕ್ಷನ್ನಿಗೆ ಕಾಯುವ ಹೊತ್ತನ್ನು ಮಿಲಿಸೆಕೆಂಡ್‌ನಲ್ಲಿ ಕೊಡಬೇಕು, ಉಳಿದಿರುವುದು 0.4 ಮಿಲಿಸೆಕೆಂಡ್ ಆದರೆ ಭಾಗಾಕಾರ ಅದನ್ನು ಸೊನ್ನೆ ಮಾಡುತ್ತದೆ, ಪೋಲ್ ಕಾಯದೆ ಮರಳುತ್ತದೆ, ಗಡುವು ಬರುವವರೆಗೂ ಲೂಪ್ ಸುಮ್ಮನೆ ಸುತ್ತುತ್ತದೆ. ಕಾಯುವ ಹೊತ್ತನ್ನು ಯಾವಾಗಲೂ ಮೇಲಕ್ಕೆ ಪೂರ್ಣಗೊಳಿಸಿ. ಗಡುವು ಆಗಲೇ ಮೀರಿದ್ದರೆ ಉಳಿಕೆ ಋಣಸಂಖ್ಯೆಯಾಗುತ್ತದೆ, ಮತ್ತು ಋಣಸಂಖ್ಯೆಯನ್ನು ಪೋಲ್ "ಎಷ್ಟು ಹೊತ್ತಾದರೂ ಕಾಯಿ" ಎಂದು ಅರ್ಥ ಮಾಡಿಕೊಳ್ಳುತ್ತದೆ. ತಡವಾದ ಟೈಮರ್ ಶಾಶ್ವತವಾಗಿ ನಿದ್ರಿಸುವುದು ಹೀಗೆ. ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ ಎಂಬ ಒಂದು ಸಾಲಿನ ತಡೆಯನ್ನು ಅಲ್ಲಿ ಹಾಕಲೇಬೇಕು.

ದಶಮಾಂಶ ಸಂಖ್ಯೆಗಳ ಬಗ್ಗೆ ಎರಡು ಮಾತು. ಫ್ಲೋಟ್ ಬಗೆಯು 1,67,77,216ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಒಂದೂ ಬಿಡದೆ ಹಿಡಿಯಬಲ್ಲದು. ಮಿಲಿಸೆಕೆಂಡ್‌ಗಳನ್ನು ಅದರಲ್ಲಿ ಒಂದೊಂದಾಗಿ ಕೂಡುತ್ತ ಹೋದರೆ 4 ಗಂಟೆ 39 ನಿಮಿಷಕ್ಕೆ ಎಣಿಕೆ ನಿಂತುಬಿಡುತ್ತದೆ. ಹತ್ತನೆಯ ಒಂದು ಎಂಬ ಬೆಲೆಯನ್ನು ದ್ವಿಮಾನದಲ್ಲಿ ನಿಖರವಾಗಿ ಬರೆಯಲು ಸಾಧ್ಯವೇ ಇಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ವಿಫಲವಾಗಿ 28 ಅಮೆರಿಕನ್ ಸೈನಿಕರು ಸತ್ತ ಘಟನೆಯ ಮೂಲದಲ್ಲಿ ಇದ್ದದ್ದು, 24 ಬಿಟ್‌ಗಳಿಗೆ ಕತ್ತರಿಸಿದ್ದ ಈ ಹತ್ತನೆಯ ಒಂದು ಭಾಗವೇ. ನೂರು ಗಂಟೆ ಸತತವಾಗಿ ನಡೆದ ಯಂತ್ರದಲ್ಲಿ ಅದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಾಗಿ ಬೆಳೆದಿತ್ತು. ಎಣಿಕೆ ಪೂರ್ಣಾಂಕದಲ್ಲೇ ಇರಲಿ, ತೋರಿಸುವಾಗ ಮಾತ್ರ ದಶಮಾಂಶ ಬರಲಿ.

ವೇರಿಯಬಲ್ ಹೆಸರಿನ ಕೊನೆಗೆ ಏಕಮಾನವನ್ನು ಸೇರಿಸುವ ರೂಢಿ ಮಾಡಿಕೊಳ್ಳಿ. ಬರಿಯ "ಗಡುವು" ಎಂಬುದಕ್ಕಿಂತ "ಗಡುವು_ಮಿಸೆ" ಎಂಬಂಥ ಹೆಸರು ಓದುವವರಿಗೆ ಅರ್ಧ ಕೆಲಸ ಉಳಿಸುತ್ತದೆ.

5. ಸುತ್ತುವ ಎಣಿಕೆ, ಜಾರುವ ಲೂಪ್

ಹಳೆಯ ಸ್ಕೂಟರಿನ ಕಿಲೋಮೀಟರ್ ಎಣಿಕೆ 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವಂತೆ ಅನ್‌ಸೈನ್ಡ್ ಎಣಿಕೆಯೂ ಸುತ್ತುತ್ತದೆ. ಇದು ದೋಷವಲ್ಲ, ಭಾಷೆಯ ನಿಯಮ. ದೋಷ ಇರುವುದು ನಾವು ಹೋಲಿಸುವ ರೀತಿಯಲ್ಲಿ. ಆರಂಭಕ್ಕೆ ಅವಧಿಯನ್ನು ಕೂಡಿ ಗಡುವು ಮಾಡಿ "ಈಗ > ಗಡುವು" ಎಂದು ನೋಡಿದರೆ ಸುತ್ತಿನ ಹತ್ತಿರ ತಪ್ಪುತ್ತದೆ. ಹೀಗೆ ಬರೆಯಿರಿ:

ಈಗ - ಆರಂಭ >= ಅವಧಿ

ಆರಂಭ 4,29,49,67,290 ಆಗಿದ್ದು ಈಗಿನ ಎಣಿಕೆ ಸುತ್ತಿ 10 ಆಗಿದ್ದರೂ, ಯುಇಂಟ್32_ಟಿಯಲ್ಲಿ ಕಳೆದರೆ ಸರಿಯಾಗಿ 16 ಬರುತ್ತದೆ. ಅಳೆಯುವ ಅವಧಿ ಒಂದು ಪೂರ್ಣ ಸುತ್ತಿಗಿಂತ ಕಡಿಮೆ ಇರಬೇಕು ಎಂಬುದೊಂದೇ ಷರತ್ತು.

ಎಣಿಕೆ 16 ಬಿಟ್‌ಗಳದ್ದಾದರೆ ಇನ್ನೊಂದು ಬಲೆಯಿದೆ. ಸಿ ಭಾಷೆ ಚಿಕ್ಕ ಪೂರ್ಣಾಂಕಗಳನ್ನು ಲೆಕ್ಕಕ್ಕೆ ಮೊದಲು ತಾನಾಗಿಯೇ ಇಂಟ್‌ಗೆ ಹಿಗ್ಗಿಸುತ್ತದೆ. ಇಂಟ್ 32 ಬಿಟ್‌ಗಳಿರುವ ಯಂತ್ರದಲ್ಲಿ 5ರಿಂದ 65,530 ಕಳೆದರೆ 11 ಬರುವ ಬದಲು ಋಣ 65,525 ಬರುತ್ತದೆ, ಹೋಲಿಕೆ ಸುಳ್ಳಾಗುತ್ತದೆ, ಟೈಮರ್ ಮೊಳಗುವುದಿಲ್ಲ. ಕಳೆದ ಫಲವನ್ನು ಯುಇಂಟ್16_ಟಿಗೆ ಕ್ಯಾಸ್ಟ್ ಮಾಡಿ ಆಮೇಲೆ ಹೋಲಿಸಿ.

ನಿಯತವಾಗಿ ಮರುಕಳಿಸುವ ಕೆಲಸಗಳಲ್ಲಿ ಎಣಿಕೆ ಸರಿಯಿದ್ದೂ ಲೂಪ್ ಜಾರುತ್ತದೆ. 10 ಮಿಲಿಸೆಕೆಂಡಿಗೊಮ್ಮೆ ನಡೆಯಬೇಕಾದ ಕೆಲಸಕ್ಕೆ 2 ಮಿಲಿಸೆಕೆಂಡ್ ಹಿಡಿದು, ಆಮೇಲೆ ನೀವು ನ್ಯಾನೋಸ್ಲೀಪ್‌ನಿಂದ 10 ಮಿಲಿಸೆಕೆಂಡ್ ಮಲಗಿಸಿದರೆ ಸುತ್ತು 12 ಮಿಲಿಸೆಕೆಂಡ್ ಆಗುತ್ತದೆ. ಗಂಟೆಗೆ 3,60,000 ಸಲದ ಬದಲು 3,00,000 ಸಲ ಮಾತ್ರ ನಡೆಯುತ್ತದೆ. ಕ್ಲಾಕ್_ನ್ಯಾನೋಸ್ಲೀಪ್‌ಗೆ ಟೈಮರ್_ಆಬ್ಸ್‌ಟೈಮ್ ಎಂಬ ಸೂಚನೆ ಕೊಟ್ಟು, ಇಷ್ಟು ಹೊತ್ತು ಮಲಗು ಎನ್ನುವ ಬದಲು ಇಂಥ ಗಳಿಗೆಯವರೆಗೆ ಮಲಗು ಎಂದು ಹೇಳಿ. ಮುಂದಿನ ಗಡುವನ್ನು ಈಗಿನ ಸಮಯಕ್ಕಲ್ಲ, ಹಿಂದಿನ ಗಡುವಿಗೆ ಅವಧಿ ಕೂಡಿ ಪಡೆಯಬೇಕು. ನಡುವೆ ಸಿಗ್ನಲ್ ಬಂದು ನಿದ್ರೆ ಮುರಿದರೆ ಅದೇ ಗಡುವಿನೊಂದಿಗೆ ಮತ್ತೆ ಕರೆದರಾಯಿತು. ಈ ಫಂಕ್ಷನ್ ದೋಷಸಂಖ್ಯೆಯನ್ನು ಎರ್ನೋ ವೇರಿಯಬಲ್‌ನಲ್ಲಿ ಇಡದೆ ನೇರವಾಗಿ ಮರಳಿಸುತ್ತದೆ ಎಂಬುದನ್ನು ನೆನಪಿಡಿ.

6. ಮೈಕ್ರೋಕಂಟ್ರೋಲರ್‌ನಲ್ಲಿ: ಒಂದರ ತಪ್ಪು ಮತ್ತು ಹರಿದ ಓದು

16 ಮೆಗಾಹರ್ಟ್ಸ್‌ನ ಎವಿಆರ್ ಎಂಬ 8 ಬಿಟ್‌ಗಳ ಮೈಕ್ರೋಕಂಟ್ರೋಲರ್ ಚಿಪ್‌ನಲ್ಲಿ 64ರ ಪ್ರೀಸ್ಕೇಲರ್, ಅಂದರೆ ಗಡಿಯಾರದ ಮಿಡಿತವನ್ನು 64ರಿಂದ ಭಾಗಿಸುವ ಏರ್ಪಾಡು, ಬಳಸಿದರೆ ಒಂದು ಮಿಲಿಸೆಕೆಂಡಿಗೆ 250 ಎಣಿಕೆ ಬೇಕು. ಟೈಮರ್ ಸೊನ್ನೆಯಿಂದ ಎಣಿಸುವುದರಿಂದ ಹೋಲಿಕೆಯ ರಿಜಿಸ್ಟರ್‌ಗೆ ಹಾಕಬೇಕಾದದ್ದು 249. ಮರೆತು 250 ಹಾಕಿದರೆ ಪ್ರತಿ ಸುತ್ತಿಗೆ 251 ಎಣಿಕೆಯಾಗಿ, ನಿಮ್ಮ ಗಡಿಯಾರ ದಿನಕ್ಕೆ ಸುಮಾರು 5 ನಿಮಿಷ 44 ಸೆಕೆಂಡ್ ಹಿಂದೆ ಬೀಳುತ್ತದೆ. ಕ್ರಿಸ್ಟಲ್ ಕೆಟ್ಟಿದೆಯೆಂದು ಅದನ್ನು ಬದಲಿಸಲು ಹೊರಡುವ ಮೊದಲು ಈ ಒಂದನ್ನು ನೋಡಿ. ಒಳ್ಳೆಯ ಕ್ರಿಸ್ಟಲ್ ದಿನಕ್ಕೆ ಕೆಲವೇ ಸೆಕೆಂಡ್ ತಪ್ಪುತ್ತದೆ, ನಿಮಿಷಗಟ್ಟಲೆ ಅಲ್ಲ.

ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ಕರೆ, ಹೆಚ್ಚಿಸುವ 32 ಬಿಟ್‌ಗಳ ಎಣಿಕೆಯನ್ನು 8 ಬಿಟ್‌ಗಳ ಚಿಪ್ ಒಂದೇ ಏಟಿಗೆ ಓದಲಾರದು. ನಾಲ್ಕು ಬೈಟ್‌ಗಳನ್ನು ಒಂದೊಂದಾಗಿ ಓದುತ್ತದೆ. ಎಣಿಕೆ 65,535 ಇದ್ದಾಗ ಕೆಳಗಿನ ಎರಡು ಬೈಟ್ ಓದಿ ಮುಗಿದೊಡನೆ ಇಂಟರಪ್ಟ್ ಬಂದು ಅದು 65,536 ಆದರೆ, ನಿಮ್ಮ ಕೈಗೆ ಸಿಗುವುದು ಎಂದೂ ಇರದಿದ್ದ 1,31,071. ವೇರಿಯಬಲ್‌ಗೆ ವೊಲಟೈಲ್ ಎಂದು ಗುರುತು ಹಾಕುವುದು ಅಗತ್ಯವೇ ಆದರೂ ಈ ಹರಿದ ಓದನ್ನು ಅದು ತಡೆಯುವುದಿಲ್ಲ. ಓದುವಷ್ಟು ಹೊತ್ತು ಇಂಟರಪ್ಟ್‌ಗಳನ್ನು ನಿಲ್ಲಿಸಿ, ನಕಲು ಮಾಡಿಕೊಂಡು, ಹಿಂದಿನ ಸ್ಥಿತಿಗೆ ತನ್ನಿ.

7. ದಿನಾಂಕದ ಲೆಕ್ಕ ಇದ್ದರೆ

ಇಲ್ಲಿ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಟಿಎಂ ರಚನೆಯಲ್ಲಿ ವರ್ಷವನ್ನು 1900ರಿಂದ, ತಿಂಗಳನ್ನು ಸೊನ್ನೆಯಿಂದ ಎಣಿಸಬೇಕು. ಎಂಕೆಟೈಮ್ ಕರೆಯುವ ಮೊದಲು ಟಿಎಂ_ಐಎಸ್‌ಡಿಎಸ್‌ಟಿ ಭಾಗಕ್ಕೆ ಋಣ 1 ಹಾಕಿ. ಬೇಸಿಗೆ ಸಮಯ ಜಾರಿಯಲ್ಲಿದೆಯೇ ಎಂಬುದನ್ನು ವ್ಯವಸ್ಥೆಯೇ ನಿರ್ಧರಿಸುತ್ತದೆ. ಭಾರತದಲ್ಲಿ ಗಡಿಯಾರ ಮುಂದೆ ಹಿಂದೆ ಮಾಡುವ ಪದ್ಧತಿ ಇಲ್ಲದಿರುವುದರಿಂದ ಬೆಂಗಳೂರಿನಲ್ಲಿ ಎಷ್ಟು ಪರೀಕ್ಷಿಸಿದರೂ ಈ ತಪ್ಪು ಸಿಗುವುದಿಲ್ಲ, ಅಮೆರಿಕದ ಬಳಕೆದಾರರಿಗೆ ಮಾರ್ಚ್‌ನ ಎರಡನೆಯ ಭಾನುವಾರ ಸಿಗುತ್ತದೆ, ಏಕೆಂದರೆ ಅವರಿಗೆ ಅಂದು 23 ಗಂಟೆಗಳ ದಿನ. ನಾಳೆ ಎಂದರೆ 86,400 ಸೆಕೆಂಡ್ ಎಂದು ಕೂಡುವ ಬದಲು ದಿನದ ಭಾಗಕ್ಕೆ ಒಂದು ಸೇರಿಸಿ ಎಂಕೆಟೈಮ್‌ಗೆ ಬಿಡಿ. ನಮ್ಮ ವಲಯದ ವ್ಯತ್ಯಾಸ ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್. ಅದನ್ನು ಪೂರ್ಣ ಗಂಟೆಗಳಲ್ಲಿ ಇಡುವ ಕೋಡ್ ಕಂಡರೆ ತಿದ್ದಿ. ಟೈಮ್_ಟಿ ಇನ್ನೂ 32 ಬಿಟ್‌ಗಳಿರುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್ ಆದ ಮೇಲೆ 1901ಕ್ಕೆ ಜಿಗಿಯುತ್ತವೆ.

8. ತಿದ್ದಿದ್ದು ಸರಿಯಾಗಿದೆಯೇ ಎಂದು 49 ದಿನ ಕಾಯದೆ ಪರೀಕ್ಷಿಸಿ

ಗಡಿಯಾರವನ್ನು ಕೋಡ್‌ನ ಹತ್ತು ಕಡೆ ಓದುವ ಬದಲು ನಿಮ್ಮದೇ ಒಂದು ಫಂಕ್ಷನ್ ಮೂಲಕ ಮಾತ್ರ ಓದುವಂತೆ ಮಾಡಿ. ಪರೀಕ್ಷೆಯಲ್ಲಿ ಆ ಫಂಕ್ಷನ್ನಿನ ಜಾಗಕ್ಕೆ ನೀವು ಹೇಳಿದ ಬೆಲೆಯನ್ನು ಕೊಡುವ ಇನ್ನೊಂದನ್ನು ಕೂರಿಸಿದರೆ ಯಾವ ಗಳಿಗೆಯನ್ನು ಬೇಕಾದರೂ ತಂದು ನಿಲ್ಲಿಸಬಹುದು. ಲಿನಕ್ಸ್ ಕರ್ನಲ್ ಗಡಿಯಾರದ ಮಿಡಿತಗಳನ್ನು ಎಣಿಸುವ ತನ್ನ ಜಿಫೀಸ್ ಎಂಬ ಎಣಿಕೆಗೆ ಇದೇ ಉಪಾಯ ಮಾಡಿದೆ: 32 ಬಿಟ್‌ಗಳ ಆ ಎಣಿಕೆ ಸೊನ್ನೆಯಿಂದ ಆರಂಭವಾಗದೆ, ಬೂಟ್ ಆದ ಐದು ನಿಮಿಷಕ್ಕೆ ಸುತ್ತುವಂಥ ಬೆಲೆಯಿಂದ ಆರಂಭವಾಗುತ್ತದೆ, ಹೋಲಿಕೆ ತಪ್ಪಾಗಿ ಬರೆದ ಡ್ರೈವರ್ ತಿಂಗಳುಗಟ್ಟಲೆ ಅಡಗಿರದೆ ಚಹಾ ಕುಡಿದು ಬರುವಷ್ಟರಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಸಾಧನದ ಎಣಿಕೆಯನ್ನೂ ಪರೀಕ್ಷೆಯ ಬಿಲ್ಡ್‌ನಲ್ಲಿ ಸುತ್ತಿನ ಅಂಚಿನಿಂದ ಆರಂಭಿಸಿ.

ಕಂಪೈಲ್ ಮಾಡುವಾಗ ಯುಬಿಸ್ಯಾನ್ ಎಂಬ ಪರೀಕ್ಷಕವನ್ನು ಸೇರಿಸಿಕೊಳ್ಳಿ. ಸೈನ್ಡ್ ಓವರ್‌ಫ್ಲೋ ಆದ ಸಾಲಿನ ಸಂಖ್ಯೆಯನ್ನೇ ಅದು ತೋರಿಸುತ್ತದೆ. ಬಗೆಗಳ ಪರಿವರ್ತನೆಯ ಎಚ್ಚರಿಕೆಗಳನ್ನೂ ಚಾಲೂ ಮಾಡಿ. ಮೊದಲ ದಿನ ನೂರಾರು ಎಚ್ಚರಿಕೆಗಳು ಬಂದು ಬೇಸರವಾಗುವುದು ಸಹಜ, ಆದ್ದರಿಂದ ಸಮಯದ ಲೆಕ್ಕ ಇರುವ ಫೈಲ್‌ಗಳನ್ನಷ್ಟೇ ಮೊದಲು ನೋಡಿ.

ಪರೀಕ್ಷಿಸಬೇಕಾದ ಬೆಲೆಗಳಲ್ಲಿ ನ್ಯಾನೋಸೆಕೆಂಡ್ ಭಾಗ 0 ಮತ್ತು 99,99,99,999 ಇರುವ ಎರಡು ಓದುಗಳು, ಆರಂಭ ಮತ್ತು ಅಂತ್ಯ ಒಂದೇ ಆಗಿರುವುದು, ಸುತ್ತಿನ ಒಂದು ಎಣಿಕೆ ಹಿಂದೆ ಮತ್ತು ಮುಂದೆ, ಹಾಗೂ ಆಗಲೇ ಮೀರಿದ ಗಡುವು ಖಂಡಿತ ಇರಲಿ. ಕೊನೆಗೆ ಪ್ರೋಗ್ರಾಂ ನಡೆಯುತ್ತಿರುವಾಗಲೇ ಯಂತ್ರದ ದಿನಾಂಕವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ನೋಡಿ; ಎನ್‌ಟಿಪಿ ಸೇವೆಯನ್ನು ಮೊದಲೇ ನಿಲ್ಲಿಸದಿದ್ದರೆ ಅದು ನಿಮ್ಮ ಬೆನ್ನ ಹಿಂದೆ ಗಡಿಯಾರವನ್ನು ಸರಿಮಾಡಿಬಿಡುತ್ತದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಳವನ್ನು ಹತ್ತು ನಿಮಿಷ ಮುಚ್ಚಿಟ್ಟು ತೆರೆಯಿರಿ. ಟೈಮರ್ ಆ ಹತ್ತು ನಿಮಿಷವನ್ನು ಎಣಿಸಬೇಕಿತ್ತೇ ಬೇಡವೇ ಎಂಬುದನ್ನು ಮುಚ್ಚುವ ಮೊದಲೇ ಕಾಗದದ ಮೇಲೆ ಬರೆದಿಟ್ಟಿರಿ, ತೆರೆದ ಮೇಲೆ ಹೋಲಿಸಿ.